ಗ್ರಾಬೊ ಅಮ್ಮನ ಕಂಬದಲ್ಲಿ ಎಲ್ಲರಿಗೂ ಜಾಗ

ಬರ್ಲಿನ್ನಿನ ವೆಡ್ಡಿಂಗ್ ಬಡಾವಣೆ ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ. ಬ್ರೆಡ್ಡಿನ ಅಂಗಡಿಯ ಮುಂದೆ ಸಾಲು ಮಾತ್ರ ಆಗಲೇ ಬೆಳೆದಿದೆ. ಮೂಲೆಯ ದಪ್ಪನೆಯ ದುಂಡು ಜಾಹೀರಾತು ಕಂಬಕ್ಕೆ ಏಣಿ ಒರಗಿಸಿಕೊಂಡು ಒಟ್ಟೀಲಿಯೆ ಗ್ರಾಬೊ ನಿನ್ನೆ ತಾವೇ ಅಂಟಿಸಿದ ಪೋಸ್ಟರನ್ನು ಕೆರೆಯುತ್ತಿದ್ದಾರೆ. ಯಾರೋ ಅದನ್ನು ಅರ್ಧ ಹರಿದು, ಉಳಿದರ್ಧಕ್ಕೆ ಮಸಿ ಬಳಿದು ಹೋಗಿದ್ದಾರೆ.

“ಮೊದ್ಲೆಲ್ಲಾ ಸರ್ಕಸ್ಸು, ಸಾಬೂನು, ನಾಟಕ ಅಂಟಿಸ್ತಿದ್ದೆ. ಸಾಬೂನಿನ ಮೇಲೆ ಯಾರಿಗೂ ಸಿಟ್ಟಿರ್ಲಿಲ್ಲ ನೋಡಿ,” ಎನ್ನುತ್ತಾರೆ, ಕೆರೆಯುವುದನ್ನು ನಿಲ್ಲಿಸದೆ.

ಚಕ್ರವರ್ತಿ ಓಡಿಹೋಗಿ ಒಂದೂವರೆ ವರ್ಷವಾಯಿತು. ಯುದ್ಧ ಸೋತ ಸೇನಾಧಿಪತಿಗಳು ತಣ್ಣಗೆ ಬದಿಗೆ ಸರಿದು, ಸೋಲನ್ನು ಹೊಸ ಗಣರಾಜ್ಯದ ತಲೆಗೆ ಕಟ್ಟಿದ್ದಾರೆ. ಮಾರ್ಚಿನಲ್ಲಿ ಸೈನಿಕರು ದಂಗೆಯೆದ್ದರು, ಕಾರ್ಮಿಕರು ಮುಷ್ಕರ ಹೂಡಿ ಊರನ್ನೇ ನಿಲ್ಲಿಸಿದರು. ನಾಳೆ, 1920ರ ಜೂನ್ ಆರರ ಭಾನುವಾರ, ಚುನಾವಣೆ. ನಮಗೆಲ್ಲ ಸುಸ್ತಾಗಿದೆ. ಈ ಕಂಬಕ್ಕೂ ಆಗಿರಬೇಕು.

ಗಂಡ ಯುದ್ಧದ ಆರಂಭದಲ್ಲೇ ಮಡಿದಾಗ ಅವನ ಬ್ರಷ್ಷು, ಬಕೆಟ್ಟು ಇವರ ಪಾಲಿಗೆ ಬಂದವು. ಅಂದಿನಿಂದ ಬೆಳಗಾಗುವ ಮುಂಚೆ ಕೈಗಾಡಿ ತಳ್ಳಿಕೊಂಡು ಕಂಬದಿಂದ ಕಂಬಕ್ಕೆ ಅಲೆಯುತ್ತಾರೆ. ಯುದ್ಧದ ಚಳಿಗಾಲದಲ್ಲಿ ಬಡಾವಣೆಯ ಮಕ್ಕಳು ಹಸಿವಿಗೆ ಹಿಟ್ಟಿನ ಅಂಟನ್ನು ಬೆರಳಿನಲ್ಲಿ ಬಳಿದು ನೆಕ್ಕುತ್ತಿದ್ದರಂತೆ.

“ಬೈಯೋಕೆ ಬಾಯೇ ಬರ್ಲಿಲ್ಲ. ಅಂಟು ಗಟ್ಟಿ ಹಿಡಿಯೋಕೆ ಪಟಿಕ ಹಾಕೋದು ಬಿಟ್ಬಿಟ್ಟೆ, ಮಕ್ಕಳ ಹೊಟ್ಟೆ ಕೆಡಬಾರ್ದಲ್ಲ. ಪೋಸ್ಟರು ಬೇಗ ಕಿತ್ತು ಬರ್ತಿತ್ತು, ಮೇಸ್ತ್ರಿ ಹತ್ರ ಬೈಸ್ಕೊಂಡೆ. ಬೈಸ್ಕೊಂಡ್ರೆ ಏನ್ ಹೋಗುತ್ತೆ?”

ಅವರದೊಂದು ನಿಯಮವಿದೆ, ಯಾರೂ ಹೇಳಿಕೊಟ್ಟದ್ದಲ್ಲ. ಮತದಾನ ಮುಗಿಯುವವರೆಗೆ ಒಂದು ಪಕ್ಷದ ಪೋಸ್ಟರಿನ ಮೇಲೆ ಇನ್ನೊಂದನ್ನು ಅಂಟಿಸುವುದಿಲ್ಲ. ಎಷ್ಟೇ ಇಕ್ಕಟ್ಟಾದರೂ ಪಕ್ಕಕ್ಕೇ ಅಂಟಿಸಬೇಕು.

“‘ಹೆಂಗಸರು ಮನೆಗೆ ಹೋಗಿ’ ಅನ್ನೋ ಪೋಸ್ಟರೂ ನಾನೇ ಅಂಟಿಸಿದ್ದು. ಒಂದು ಸುಕ್ಕಿಲ್ಲ, ಬೇಕಾದ್ರೆ ನೋಡಿ.”

ಇವರು ಮನೆಗೆ ಹೋಗುವುದಂತೂ ಖಚಿತವಾಗಿದೆ. ವಾಪಸಾದ ಸೈನಿಕರಿಗೆ ಹೆಂಗಸರು ಕೆಲಸ ಬಿಟ್ಟುಕೊಡಬೇಕೆಂಬ ಆದೇಶ ಬಂದಿದೆ. ಇವತ್ತೇ ಕೊನೆಯ ದಿನ. ಹೆಂಗಸರಿಗೆ ಮತದ ಹಕ್ಕು ಕೊಟ್ಟ ಸರ್ಕಾರವೇ ಇವರ ಕೈಯ ಬ್ರಷ್ಷು ಕಸಿದುಕೊಳ್ಳುತ್ತಿದೆ. ಇದು ಅನ್ಯಾಯ ಎನ್ನುತ್ತೇನೆ ನಾನು. ಅವರು ಮಾತ್ರ ಬಕೆಟ್ಟಿನಲ್ಲಿ ಅಂಟು ಕಲಸುತ್ತಾರೆ.

ಏಣಿಯ ಬುಡದಲ್ಲಿ ಇವರ ಜಾಗಕ್ಕೆ ಬಂದ ಹೊಸಬ ನಿಂತಿದ್ದಾನೆ, ಎವಾಲ್ಡ್ ಚಿರ್ನರ್. ಯುದ್ಧದಲ್ಲಿ ಎಡಗೈ ಹೋಗಿದೆ. ಕಾಗದವನ್ನು ಹೆಗಲ ಮೇಲೆ ಹಾಕಿಕೊಂಡು, ಮೇಲಂಚನ್ನು ಹಣೆಯಿಂದ ಒತ್ತಿ ಹಿಡಿದು, ಬಲಗೈಯಲ್ಲಿ ಬ್ರಷ್ಷು ಎಳೆಯುವುದನ್ನು ಗ್ರಾಬೊ ಅಮ್ಮ ವಾರದಿಂದ ಅವನಿಗೆ ಕಲಿಸುತ್ತಿದ್ದಾರೆ. ಅವನ ಹಣೆ ತುಂಬಾ ಅಂಟು.

ಇವತ್ತು ಅವನು ಏಣಿ ಹತ್ತಿದವನೇ ಆಳುವ ಪಕ್ಷದ ಪೋಸ್ಟರಿನ ಮೇಲೆ ಬ್ರಷ್ಷು ಎತ್ತುತ್ತಾನೆ.

“ಇದರ ಮೇಲೇ ಅಂಟಿಸ್ತೀನಮ್ಮ. ನಾವು ಗೆಲ್ತಾ ಇದ್ವಿ, ಇವ್ರು ಬೆನ್ನಿಗೆ ಚೂರಿ ಹಾಕಿದ್ರು.”

“ಗೆಲ್ತಾ ಇದ್ದೋರು ದಿನಾ ಟರ್ನಿಪ್ ಗಡ್ಡೆಯ ಗಂಜಿ ಕುಡೀತಾರೇನಪ್ಪ?”

“ನನ್ನ ಕೈ ಹೋಗಿದೆ ಅಮ್ಮ.”

“ನನ್ನ ಗಂಡ ಹೋದ. ಆದ್ರೂ ಅವನನ್ನ ಯುದ್ಧಕ್ಕೆ ಕಳ್ಸಿದವರ ಪೋಸ್ಟರ್ ಅಲ್ಲೇ ಇದೆ ನೋಡು, ನಿನ್ನ ಮೂಗಿನ ಮುಂದೆ. ನಾಳೆ ಒಂದಿನ ಕಳೀಲಿ, ಆಮೇಲೆ ಎಲ್ಲಾ ಕೆರಿ. ಅಲ್ಲೀತನಕ ಯಾರ ಮೇಲೂ ಯಾರಿಲ್ಲ.”

ಬ್ರೆಡ್ಡಿನ ಸಾಲಿನಲ್ಲಿದ್ದವರು ಇತ್ತ ತಿರುಗುತ್ತಾರೆ. ಎವಾಲ್ಡ್ ಗೊಣಗುತ್ತಾನೆ. ಬ್ರಷ್ಷು ಗಾಳಿಯಲ್ಲೇ ನಿಂತು ಅಂಟು ತೊಟ್ಟಿಕ್ಕುತ್ತದೆ. ಕೊನೆಗೆ ಅವನು ಇಳಿದು ಏಣಿಯನ್ನು ಪಕ್ಕಕ್ಕೆ ಸರಿಸಿಕೊಳ್ಳುತ್ತಾನೆ, ಮತ್ತೆ ಹತ್ತಿ ಖಾಲಿ ಜಾಗಕ್ಕೆ ಕಾಗದವಿಟ್ಟು ಹಣೆ ಒತ್ತುತ್ತಾನೆ.

ಮುಂದೇನು ಮಾಡುತ್ತೀರಿ ಎಂದು ಗ್ರಾಬೊ ಅಮ್ಮನನ್ನು ಕೇಳಿದೆ. ಗೊತ್ತಿಲ್ಲ ಎಂದರು. ಏನಾದರೂ ಆಸೆ?

“ಒಂದೇ ಒಂದು ಬೆಳಿಗ್ಗೆ ಬಂದು ನೋಡಿದ್ರೆ, ಹಿಂದಿನ ದಿನ ಅಂಟಿಸಿದ್ದೆಲ್ಲಾ ಹಾಗ್ಹಾಗೇ ಇರ್ಬೇಕು. ಅಷ್ಟೇ.”

ಎವಾಲ್ಡ್ ಅಂಟಿಸಿದ ಪೋಸ್ಟರಿನ ಕೆಳಮೂಲೆ ಎದ್ದುಕೊಂಡಿದೆ. ಗ್ರಾಬೊ ಅಮ್ಮನ ಹೆಬ್ಬೆರಳು ತಾನಾಗಿ ಅತ್ತ ಹೋಗುತ್ತದೆ, ಅರ್ಧದಲ್ಲೇ ನಿಲ್ಲುತ್ತದೆ. ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾರೆ.

“ಎವಾಲ್ಡ್, ಮೂಲೆ ಒತ್ತಪ್ಪ. ಇನ್ಮೇಲೆ ಕಂಬ ನಿಂದು.”