ನಾನಿಲ್ಲದ ನನ್ನ ಗಿಟಾರ್

2004ರಲ್ಲಿ ಡಚ್ಚರ ನಾಡಿನ ಡೆಲ್ಫ್ಟ್‌ನ ವಿದ್ಯಾರ್ಥಿ ವಸತಿಯೊಂದರ ನೆಲಮಾಳಿಗೆಯಲ್ಲಿ ನಮ್ಮ ಬ್ಯಾಂಡ್ ಶುರುವಾಯಿತು. ಅದು ಸೈಕಲ್ ಇಡುವ ಜಾಗ. ಸೈಕಲ್‌ಗಳನ್ನು ಗೋಡೆಗೆ ಒರಗಿಸಿದರೆ ನಾಲ್ಕು ಜನ ನಿಲ್ಲಬಹುದಿತ್ತು. ಹಾಡುವವನು ಉಡುಪಿಯವನು, ಬೇಸ್ ಗಿಟಾರಿನವನು ಹುಬ್ಬಳ್ಳಿಯವನು, ಲೀಡ್ ಗಿಟಾರ್ ನನ್ನದು. ಮೂವರೂ ಅಲ್ಲಿಗೆ ಓದಲು ಹೋದವರು. ಡ್ರಮ್ಸ್ ನುಡಿಸುತ್ತಿದ್ದವನು ಅದೇ ವಸತಿಯ ಮೇಲಿನ ಮಹಡಿಯಲ್ಲಿದ್ದ ಡಚ್ ಹುಡುಗ. ಕನ್ನಡದಲ್ಲಿ ರಾಕ್ ಹಾಡುಗಳನ್ನು ನಾವೇ ಕಟ್ಟಿ ನುಡಿಸಬೇಕೆಂಬುದು ಉದ್ದೇಶ. ‘ನಾವೇ’ ಎಂಬುದು ಪೋಸ್ಟರಿಗಾಗಿ ಹೇಳಿದ ಮಾತು. ಕಟ್ಟುತ್ತಿದ್ದವನು ನಾನು. ಉಳಿದವರು ಕಟ್ಟಿದಂತೆ ನುಡಿಸುತ್ತಿದ್ದರು, ಅಥವಾ ಅದರ ಹತ್ತಿರಕ್ಕೆ ಬರುತ್ತಿದ್ದರು.

ಹಾಡುವವನಿಗೆ ಒಳ್ಳೆಯ ಕಂಠವಿತ್ತು. ಹಾಡಿನ ಸಾಲುಗಳನ್ನು ಕಲಿಯುವುದು ಮಾತ್ರ ಅವನಿಗೆ ಆಗದು. ಮರೆತ ಕಡೆಗಳಲ್ಲಿ ಮೈಕನ್ನು ಪ್ರೇಕ್ಷಕರ ಕಡೆಗೆ ಚಾಚುತ್ತಿದ್ದ. ಪ್ರೇಕ್ಷಕರೆಂದರೆ ಕೆಫೆಯಲ್ಲಿ ಬಿಯರ್ ಕುಡಿಯುತ್ತಿದ್ದ ಡಚ್ ವಿದ್ಯಾರ್ಥಿಗಳು. ಕನ್ನಡದ ಒಂದು ಪದವೂ ತಿಳಿಯದ ಅವರು ಸೌಜನ್ಯಕ್ಕೆ ಏನೋ ಒಂದು ಕೂಗುತ್ತಿದ್ದರು. ಅದನ್ನು ಅವನು ಜನಪ್ರಿಯತೆ ಎಂದು ಭಾವಿಸಿದ. ಓದು ಮುಗಿದ ಮೇಲೆ ಅವನಿಗೆ ನೂರ್ಡ್‌ವೈಕ್‌ನ ಬಾಹ್ಯಾಕಾಶ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಅಂದಿನಿಂದ ಮೈಕ್ ಪರೀಕ್ಷಿಸುವಾಗ ರಾಕೆಟ್ ಉಡಾಯಿಸುವವನಂತೆ ಹತ್ತರಿಂದ ಹಿಂದಕ್ಕೆ ಎಣಿಸತೊಡಗಿದ. ಅವನಿದ್ದದ್ದು ಖರೀದಿ ವಿಭಾಗದಲ್ಲಿ.

ಬೇಸ್‌ನವನು ಆಮರ್ಸ್‌ಫೋರ್ಟ್‌ನ ಕಂಪನಿಯೊಂದಕ್ಕೆ ಸೇರಿ, ಅಲ್ಲಿಯೇ ಮನೆ ಕೊಂಡು, ಐದು ತಂತಿಯ ಬೇಸ್ ಗಿಟಾರೊಂದನ್ನೂ ಕೊಂಡ. ಐದನೆಯ ತಂತಿಯನ್ನು ಅವನು ಮುಟ್ಟಿದ್ದನ್ನು ನಾನು ನೋಡಿಲ್ಲ. ಡ್ರಮ್ಸ್‌ನವನ ಬಗ್ಗೆ ದೂರು ಕಡಿಮೆ. ಅವನು ತಪ್ಪು ಮಾಡಿದರೂ ತಾಳಕ್ಕೆ ಸರಿಯಾಗಿಯೇ ಮಾಡುತ್ತಿದ್ದ. ನಾನು ಹೇಗ್‌ನಲ್ಲಿ ಸುದ್ದಿ ಸಂಸ್ಥೆಯೊಂದರ ಡೆಸ್ಕಿಗೆ ಸೇರಿದೆ.

ಐದಾರು ವರ್ಷ ಹೀಗೆ ನಡೆಯಿತು. ಬಳಿಕ ಆ ದೇಶದಲ್ಲಿ ನಮ್ಮ ಕಡೆಯ ಕುಟುಂಬಗಳು ಹೆಚ್ಚಾದವು. ಹಾಡುವವನು ಯುಗಾದಿ, ದೀಪಾವಳಿ, ನಾಮಕರಣ ಎಲ್ಲವನ್ನೂ ಒಪ್ಪಿಕೊಂಡು ಬರತೊಡಗಿದ. ಅಲ್ಲಿ ನುಡಿಸಬೇಕಾದದ್ದು ಸಿನಿಮಾ ಹಾಡು. ನನ್ನ ಹಾಡುಗಳು ಎಂಟರಿಂದ ಮೂರಕ್ಕೆ, ಮೂರರಿಂದ ಒಂದಕ್ಕೆ ಇಳಿದವು. ಆ ಒಂದನ್ನು ಎಲ್ಲಿ ಇಡಬೇಕೆಂಬ ಚರ್ಚೆ ನನಗೆ ಚೆನ್ನಾಗಿ ನೆನಪಿದೆ.

“ನಿನ್ನ ಹಾಡು ಊಟಕ್ಕೆ ಮೊದಲು ಇಡುವಾ ಮಾರಾಯ,” ಎಂದ ಹಾಡುವವನು.

“ಊಟ ಆದ್ಮೇಲೆ ಯಾಕೆ ಬೇಡ?”

“ಊಟ ಆದ್ರೆ ಜನ ಎದ್ದು ಹೋಗ್ತಾರೆ. ಊಟಕ್ಕೆ ಮೊದಲಾದ್ರೆ ಎಲ್ಲಿಗೆ ಹೋಗ್ತಾರೆ? ಕೂತು ಕೇಳ್ಳೇಬೇಕು.”

ಇಂಥವರ ಜೊತೆ ಯಾಕೆ ಇದ್ದೀರಿ ಎಂದು ನನ್ನ ಹೆಂಡತಿ ಕೇಳುತ್ತಿದ್ದಳು. ಆ ಒಂದು ಹಾಡಿಗಾಗಿ. ಅದನ್ನು ನುಡಿಸಲು ಬೇರೆ ಯಾವ ವೇದಿಕೆಯೂ ನನಗಿರಲಿಲ್ಲ. ಅದರ ನಡುವಿನ ಗಿಟಾರ್ ಭಾಗವನ್ನು ನಾನು ಆ ನೆಲಮಾಳಿಗೆಯಲ್ಲಿ ಕಟ್ಟಿದ್ದೆ. ಇನ್ನೊಬ್ಬ ಗಿಟಾರಿಸ್ಟ್ ಅದನ್ನು ಕಲಿಯಬೇಕಾದರೆ ಕೆಲವು ತಿಂಗಳು ಬೇಕು ಎಂಬ ನಂಬಿಕೆ ನನಗಿತ್ತು. ನನ್ನ ಜಾಗ ಭದ್ರವಾಗಿದೆ ಎಂದುಕೊಂಡದ್ದು ಅದರಿಂದಲೇ.

2017ರ ಕೊನೆಯಲ್ಲಿ ನನ್ನ ಎಡಗೈಯ ಉಂಗುರದ ಬೆರಳು ಮಡಿಸಿದಲ್ಲಿಯೇ ಸಿಕ್ಕಿಕೊಳ್ಳತೊಡಗಿತು. ಬಿಡಿಸಿದರೆ ಟಕ್ಕೆಂದು ಬಿಚ್ಚುತ್ತಿತ್ತು. ಕುಟುಂಬ ವೈದ್ಯೆ ಆ ದೇಶದ ವಾಡಿಕೆಯಂತೆ ಪ್ಯಾರಾಸಿಟಮಾಲ್ ಹೇಳಿ ಕಳುಹಿಸಿದರು. ಕೆಲವು ತಿಂಗಳು ಹಾಗೆಯೇ ನುಡಿಸಿದೆ. ವಸಂತದಲ್ಲಿ ಬೆರಳಿಗೆ ಸಣ್ಣ ಶಸ್ತ್ರಚಿಕಿತ್ಸೆಯಾಯಿತು. ಬೇಸಿಗೆ ಮುಗಿಯುವ ತನಕ ಗಿಟಾರ್ ಮುಟ್ಟಬಾರದು ಎಂದರು. ಬೇಸ್‌ನವನು ಫೋನ್ ಮಾಡಿದ.

“ನೀ ಏನೂ ಚಿಂತಿ ಮಾಡಬ್ಯಾಡ. ನಿನ್ನ ಗಿಟಾರ್ ನಮ್ಮ ಕಡೆ ಐತಿ.”

“ನನ್ನ ಗಿಟಾರ್ ಇಲ್ಲೇ ಮನೇಲಿದೆ.”

“ಆ ಕಟ್ಟಿಗಿ ಯಾರಿಗೆ ಬೇಕಲೇ? ನೀ ಬಾರಿಸಿದ್ದು ಐತಿ. ಲ್ಯಾಪ್‌ಟಾಪ್‌ನ್ಯಾಗ.”

ಡ್ರಮ್ಸ್‌ನವನು ಪ್ರತಿ ಅಭ್ಯಾಸವನ್ನೂ ಒಂದೊಂದು ವಾದ್ಯ ಬೇರೆಬೇರೆಯಾಗಿ ಬರುವಂತೆ ಧ್ವನಿಮುದ್ರಿಸಿ ಇಟ್ಟಿದ್ದನಂತೆ. ಅದರಲ್ಲಿ ನನ್ನ ಗಿಟಾರನ್ನಷ್ಟೇ ತೆಗೆದು, ಕಾರ್ಯಕ್ರಮದಲ್ಲಿ ಅದನ್ನು ಹಾಕಿಕೊಂಡು ಉಳಿದ ಮೂವರು ನುಡಿಸುವುದು ಎಂದು ತೀರ್ಮಾನವಾಗಿತ್ತು. ನನ್ನ ಒಪ್ಪಿಗೆ ಕೇಳಿದರು. ತಾತ್ಕಾಲಿಕ ಎಂಬ ಷರತ್ತಿನ ಮೇಲೆ ಕೊಟ್ಟೆ. ಸತ್ತಂತಿರುವ ಧ್ವನಿಮುದ್ರಣದ ಜೊತೆ ಇವರು ಮೂರು ನಿಮಿಷವೂ ಒಟ್ಟಿಗಿರಲಾರರು, ಕೈ ವಾಸಿಯಾಗುವುದಕ್ಕೆ ಮೊದಲೇ ಕರೆ ಬರುತ್ತದೆ ಎಂಬುದು ನನ್ನ ಅಂದಾಜು. ಕರೆ ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಬೆರಳು ಪೂರ್ತಿ ಸರಿಹೋಯಿತು. ವಾಪಸು ಬರುತ್ತೇನೆ ಎಂದು ನಾನೇ ತಿಳಿಸಿದೆ. ಮಾತನಾಡಬೇಕು, ನೂರ್ಡ್‌ವೈಕ್‌ನ ಮನೆಗೆ ಬಾ ಎಂದು ಹಾಡುವವನಿಂದ ಉತ್ತರ ಬಂತು. ಭಾನುವಾರ ಮಧ್ಯಾಹ್ನ ಹೋದೆ. ಬಾಗಿಲು ತೆಗೆದವರು ಅವನ ಹೆಂಡತಿ.

“ಬನ್ನಿ, ಬನ್ನಿ. ಮೊನ್ನೆ ಪ್ರೋಗ್ರಾಮಲ್ಲಿ ಎಷ್ಟು ಚಂದ ನುಡಿಸಿದ್ರಿ ನೀವು!”

“ಮೊನ್ನೆ ನಾನು ಬಂದಿರ್ಲಿಲ್ಲ.”

“ಹೌದಾ? ಕೇಳ್ತಾ ಇತ್ತಲ್ಲ!” ಎಂದು ಅವರು ಕಾಫಿ ತರಲು ಹೋದರು.

ಒಳಗೆ ಮೂವರೂ ಕುಳಿತಿದ್ದರು. ಹಾಡುವವನು ಸುತ್ತಿ ಬಳಸಿ ಶುರುಮಾಡಿದ. “ನೀನು ಬರೋದು ಸಂತೋಷವೇ. ಆದ್ರೆ ಎಂತ ಗೊತ್ತುಂಟಾ, ಈಗ ಎಲ್ಲ ಒಂದು ಸೆಟ್ ಆಗಿದೆ.”

ಸುತ್ತಿ ಬಳಸುವ ಅಭ್ಯಾಸವಿಲ್ಲದ ಡ್ರಮ್ಸ್‌ನವನು ಇಂಗ್ಲಿಷಿನಲ್ಲಿ ವಿಷಯ ಹೇಳಿದ. ಧ್ವನಿಮುದ್ರಣ ಪ್ರತಿಸಲ ಒಂದೇ ಥರ ಇರುತ್ತದೆ. ನಾನು ಹಾಗಲ್ಲ. ಕೋಪ ಬಂದಾಗ ವೇಗ ಹೆಚ್ಚಿಸುತ್ತೇನೆ.

“ನಾನು ಯಾವಾಗ ಕೋಪದಲ್ಲಿದ್ದೆ?” ಎಂದು ಕೇಳಿದೆ.

ಅವನು ಸ್ವಲ್ಪ ಯೋಚಿಸಿದ. “2011ರಿಂದ,” ಎಂದ.

ಬೇಸ್‌ನವನು ಬಿಸ್ಕತ್ತಿನ ತಟ್ಟೆಯ ಕಡೆ ನೋಡುತ್ತ ನಕ್ಕ. ಬಳಿಕ ಅವರ ಪ್ರಸ್ತಾಪ ಬಂತು. ದೀಪಾವಳಿ ಕಾರ್ಯಕ್ರಮದಲ್ಲಿ ನಾನು ವೇದಿಕೆಯ ಮೇಲೆ ಗಿಟಾರ್ ಹಿಡಿದು ನಿಲ್ಲಬಹುದು, ನುಡಿಸಲೂಬಹುದು. ಸದ್ದು ಹೊರಡಿಸುವ ಕೇಬಲ್ ಮಾತ್ರ ಹಾಕುವಂತಿಲ್ಲ.

“ಜನರಿಗೆ ನೋಡ್ಲಿಕ್ಕೆ ಒಬ್ಬ ಬೇಕಲ್ಲ,” ಎಂದು ಹಾಡುವವನು ವಿವರಿಸಿದ.

“ಒಂದ್ಸಲ ನಿಂದ್ರು,” ಎಂದ ಬೇಸ್‌ನವನು. “ಆಮ್ಯಾಲ ನೋಡೂಣು.”

ಹದಿನಾಲ್ಕು ವರ್ಷದಲ್ಲಿ ನನ್ನ ಮುಂದೆ ಯಾರೂ ಅಷ್ಟು ಕೀಳಾದ ಪ್ರಸ್ತಾಪ ಇಟ್ಟಿರಲಿಲ್ಲ. ಒಪ್ಪಿಕೊಂಡೆ. ಒಪ್ಪಿದ್ದಕ್ಕೆ ಕಾರಣವಿತ್ತು. ನನ್ನ ಹಾಡು ಬಂದಾಗ ಕೇಬಲ್ ನಾನೇ ಹಾಕಿಕೊಳ್ಳುವುದು, ವಾಸಿಯಾದ ಬೆರಳಿನಿಂದ ಅದನ್ನು ಇರಬೇಕಾದ ಹಾಗೆ ನುಡಿಸುವುದು ಎಂದು ನಿರ್ಧರಿಸಿದ್ದೆ. ನಿಜವಾದ ಗಿಟಾರ್ ಕೇಳಿದ ಮೇಲೆ ಸಭೆಯ ಎದುರು ಅವರು ಮತ್ತೆ ಲ್ಯಾಪ್‌ಟಾಪ್ ತೆರೆಯಲಾರರು. ಕಾರ್ಯಕ್ರಮಕ್ಕೆ ಮುಂಚಿನ ಎರಡು ವಾರ ಡೆಸ್ಕಿನ ಕೆಲಸ ಮುಗಿಸಿ ಬಂದು ಅದೊಂದನ್ನೇ ಅಭ್ಯಾಸ ಮಾಡಿದೆ. ಅವರ ಜೊತೆ ಒಂದು ಅಭ್ಯಾಸಕ್ಕೂ ಹೋಗಲಿಲ್ಲ. ಕೇಬಲ್ ಇಲ್ಲದವನಿಗೆ ಅಭ್ಯಾಸವೇಕೆ ಎಂದು ಅವರೂ ಕರೆಯಲಿಲ್ಲ.

ಕಾರ್ಯಕ್ರಮ ಆಮರ್ಸ್‌ಫೋರ್ಟ್‌ನ ಕ್ರೀಡಾ ಸಭಾಂಗಣವೊಂದರಲ್ಲಿ ನಡೆಯಿತು. ಮಧ್ಯಾಹ್ನದ ಹೊತ್ತು. ಹಿಂದಿನ ಬಾಗಿಲಿನಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿತ್ತು. ಸಿನಿಮಾ ಹಾಡುಗಳಿಗೆ ನಾನು ಗಿಟಾರ್ ಹಿಡಿದು ಸುಮ್ಮನೆ ಬೆರಳಾಡಿಸಿದೆ. ಮುಂದಿನ ಸಾಲಿನವರು ನನ್ನ ಕೈಗಳನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರು. ಕೊನೆಗೆ ನನ್ನ ಹಾಡು ಬಂತು. ಎರಡನೆಯ ಚರಣ ಮುಗಿಯುವಾಗ ನಾನು ಹಿಂದಕ್ಕೆ ಹೋಗಿ, ತೋರಿಕೆಗೆಂದು ತಂದಿಟ್ಟಿದ್ದ ನನ್ನ ಆಂಪ್ ಪೆಟ್ಟಿಗೆಗೆ ಕೇಬಲ್ ಸಿಕ್ಕಿಸಿ, ಸದ್ದು ಏರಿಸಿದೆ.

ಮೊದಲ ಎಂಟು ಸಾಲು ನಾನೂ ಲ್ಯಾಪ್‌ಟಾಪೂ ಒಟ್ಟಿಗೇ ಹೋದೆವು. ಹಾಡುವವನು ತಿರುಗಿ ನೋಡಿ ಹುಬ್ಬೇರಿಸಿದ. ಸಭೆಯಲ್ಲಿ ಯಾರೋ ಸಿಳ್ಳೆ ಹಾಕಿದರು. ಆಮೇಲೆ ಗಿಟಾರ್ ಭಾಗ ಮುಗಿದು ಪಲ್ಲವಿಗೆ ತಿರುಗುವ ಜಾಗ ಬಂತು. ನಾನು ಸರಿಯಾಗಿ ತಿರುಗಿದೆ. ಬೇರೆ ಯಾರೂ ತಿರುಗಲಿಲ್ಲ. ಡ್ರಮ್ಸ್ ನಿಂತಿತು, ಬೇಸ್ ನಿಂತಿತು, ಲ್ಯಾಪ್‌ಟಾಪಿನ ಗಿಟಾರೂ ನಿಂತಿತು. ಪೂರ್ತಿ ಒಂದು ಎಣಿಕೆಯ ಮೌನದ ಬಳಿಕ ಮೂರೂ ಒಂದೇ ಏಟಿಗೆ ಪಲ್ಲವಿಗೆ ಇಳಿದವು. ನಾನಾಗಲೇ ಒಂದು ಎಣಿಕೆ ಮುಂದೆ ಹೋಗಿ ಒಬ್ಬನೇ ನುಡಿಸುತ್ತಿದ್ದೆ. ಮುಂದಿನ ಸಾಲಿನ ಹೆಂಗಸೊಬ್ಬರು ನನ್ನನ್ನು ಕನಿಕರದಿಂದ ನೋಡಿದರು. ಎರಡು ಸಾಲು ಹಟದಿಂದ ಎಳೆದೆ. ಆಮೇಲೆ ನಾನೇ ಕೇಬಲ್ ಕಿತ್ತುಹಾಕಿದೆ.

ಹಾಡು ಮುಗಿದು ಜನ ಊಟಕ್ಕೆ ಎದ್ದರು. ವೇದಿಕೆಯ ಹಿಂದೆ ಬೇಸ್‌ನವನು ನನ್ನ ಹೆಗಲ ಮೇಲೆ ಕೈಯಿಟ್ಟ. ಅವನಿಗೆ ಸಿಟ್ಟೇನೂ ಬಂದಿರಲಿಲ್ಲ.

“ಅಲ್ಲೆ ಒಂದು ಎಣಿಕಿ ನಿಂದ್ರಬೇಕಲ್ಲೋ. ನಿಂದಽ ಹಾಡು, ನೀನಽ ಮರತ್ಯಾ?”

“ಅಲ್ಲಿ ನಿಲ್ಲೋದು ಇಲ್ವೇ ಇಲ್ಲ.”

“ರೆಕಾರ್ಡಿನ್ಯಾಗ ಐತಲ್ಲ.”

ಆಗ ನನಗೆ ತಿಳಿಯಿತು. ಆ ಧ್ವನಿಮುದ್ರಣ ಶಸ್ತ್ರಚಿಕಿತ್ಸೆಗೆ ಮೊದಲಿನದು. ತಿರುವಿನಲ್ಲಿ ಬೆರಳು ಸಿಕ್ಕಿಕೊಂಡು, ಬಿಚ್ಚಿಕೊಳ್ಳಲು ಅಷ್ಟು ಹೊತ್ತು ಹಿಡಿದಿದೆ. ಅದನ್ನು ಹೇಳಿದೆ. ಮೂವರೂ ಮುಖ ಮುಖ ನೋಡಿಕೊಂಡರು.

“ಬೆರಳ ಸಿಕ್ಕೊಂಡಿದ್ದಾ?” ಎಂದ ಬೇಸ್‌ನವನು. “ನಾವು ನಿನ್ನ ಸ್ಟೈಲ್ ಅಂತ ತಿಳಕೊಂಡ್ವಲೇ! ಅದೊಂದು ಜಾಗಾ ಕೂಡಿ ಬರಲಿಕ್ಕೆ ಎರಡು ತಿಂಗಳ ಬಡಕೊಂಡೀವಿ.”

ಅದು ನಿಜ, ಅವರ ಬೇಸ್, ಡ್ರಮ್ಸ್ ಒಂದೇ ಏಟಿಗೆ ಇಳಿದದ್ದನ್ನು ಆಗಷ್ಟೇ ಕೇಳಿದ್ದೆ. ನಾನು ಬರೆದದ್ದರಲ್ಲಿ ಏನನ್ನೂ ಅವರು ಅಷ್ಟು ಶ್ರದ್ಧೆಯಿಂದ ಕಲಿತಿರಲಿಲ್ಲ. ಕೊನೆಗೆ ಕಲಿತದ್ದು ನನ್ನ ಬೆರಳಿನ ಕಾಯಿಲೆಯನ್ನು.

“ನಾನು ಬಂದು ಸರಿಯಾಗಿ ನುಡಿಸಿ ಕೊಡ್ತೀನಿ,” ಎಂದೆ. “ಅದನ್ನೇ ರೆಕಾರ್ಡ್ ಮಾಡ್ಕೊಳ್ಳಿ. ಒಂದು ಗಂಟೆ ಕೆಲಸ.” ಹೀಗೆ ಹೇಳುವಾಗಲೇ ನಾನು ನನ್ನ ಜಾಗವನ್ನು ಬಿಟ್ಟುಕೊಟ್ಟಾಗಿತ್ತು. ಹಾಡನ್ನಾದರೂ ಉಳಿಸಿಕೊಳ್ಳೋಣ ಎಂದುಕೊಂಡಿದ್ದೆ.

ಹಾಡುವವನು ತಲೆಯಾಡಿಸಿದ. “ಬೇಡ ಮಾರಾಯ. ಎಲ್ರಿಗೂ ಅದೇ ಅಭ್ಯಾಸ ಆಗಿದೆ. ಇನ್ನು ಅದನ್ನು ಸರಿ ಮಾಡ್ಲಿಕ್ಕೆ ಹೋದ್ರೆ ಎಲ್ಲ ತಪ್ಪಿ ಹೋಗ್ತದೆ.”

ಅವನಿಗೆ ತಮಾಷೆ ಮಾಡುವ ಉದ್ದೇಶವಿರಲಿಲ್ಲ. ನಾನು ಗಿಟಾರನ್ನು ಚೀಲಕ್ಕೆ ಹಾಕಿ, ಇನ್ನು ಬರುವುದಿಲ್ಲ ಎಂದು ಹೇಳಿದೆ. ಹಾಡುವವನು ಊಟ ಮಾಡಿಕೊಂಡು ಹೋಗು ಎಂದ. ಡ್ರಮ್ಸ್‌ನವನು ಆ ಧ್ವನಿಮುದ್ರಣವನ್ನು ಮುಂದೆಯೂ ಬಳಸಬಹುದೇ ಎಂದು ಕೇಳಿದ.

ಬಳಸಿಕೊಳ್ಳಿ ಎಂದೆ. ಅವನು ಥ್ಯಾಂಕ್ಸ್ ಹೇಳಿ, ನನ್ನ ಆಂಪ್ ಪೆಟ್ಟಿಗೆಯನ್ನು ನನ್ನ ಕಾರಿನವರೆಗೆ ಒಯ್ಯಲು ಅದರ ಇನ್ನೊಂದು ತುದಿಯನ್ನು ಹಿಡಿದುಕೊಂಡ.