ಅಮ್ಮನ ನೈಟಿ ಉದ್ದವಾದದ್ದು

‘ಸಣ್ಣಗಾಗಿದ್ದೀರಿ’ ಎನ್ನುವುದನ್ನು ಹೊಗಳಿಕೆ ಮಾಡಿದ ಪುಣ್ಯಾತ್ಮರು ಯಾರೋ, ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮನೆಮನೆಗೆ ಮೊಬೈಲು ಬರುತ್ತಿದ್ದ ಕಾಲ. ಅರವತ್ತು ದಾಟಿದ್ದ ಅಮ್ಮನ ಮಂಡಿನೋವಿಗೆಂದು ಹೋದರೆ ಡಾಕ್ಟರು ತಲೆಯೆತ್ತದೆ ‘ತೂಕ ಇಳಿಸಿ’ ಎಂದರು. ಅಷ್ಟೇ. ಹೇಗೆ ಇಳಿಸಬೇಕು, ಯಾವುದನ್ನು ಬಿಡಲೇಬಾರದು, ಒಂದು ಮಾತಿಲ್ಲ. ಹೊರಗೆ ಜನ ಕಾಯುತ್ತಿದ್ದರು, ಒಪ್ಪಿದೆ. ಒಂದು ಮಾತಿಗೆ ಎಷ್ಟು ಹೊತ್ತು ಬೇಕಿತ್ತು?

ಡಾಕ್ಟರು ಹೇಳದ್ದನ್ನು ಹೇಳಲು ಕೆ.ಆರ್. ಪುರದ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಹೆಂಗಸರ ದಂಡೇ ಇತ್ತು. ‘ಮುದ್ದೆ ಬಿಟ್ಬಿಡಿ ರೀ, ಮೊಸರು ಮುಟ್ಲೇಬೇಡಿ, ಬರೀ ಕೊಬ್ಬು ಅದು!’ ಮಧ್ಯಾಹ್ನ ಮುದ್ದೆ, ಮೇಲೊಂದು ಬಟ್ಟಲು ಮೊಸರು ಎಂದೇ ಬಾಳಿದ ಅಮ್ಮ ಎರಡನ್ನೂ ಬಿಟ್ಟಳು. ಬೆಳಿಗ್ಗೆ ಬಿಸಿನೀರಿಗೆ ನಿಂಬೆರಸ, ಜೇನುತುಪ್ಪ. ಮಧ್ಯಾಹ್ನ ಎರಡು ಚಪಾತಿ, ಸೌತೆಕಾಯಿ. ರಾತ್ರಿ ನಾಲ್ಕು ಹೋಳು ಪರಂಗಿಹಣ್ಣು. ‘ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ’ ಎನ್ನುತ್ತಿದ್ದ ನಮ್ಮಜ್ಜಿ ಬದುಕಿದ್ದಿದ್ದರೆ ಸೌಟು ಹಿಡಿದುಕೊಂಡೇ ಪಾರ್ಕಿಗೆ ಹೋಗುತ್ತಿದ್ದಳು.

ವರ್ಷ ತುಂಬುವುದರೊಳಗೆ ಅಮ್ಮ ಅರ್ಧದಷ್ಟಾದಳು. ಮಂಡಿನೋವು ಕಡಿಮೆಯಾಯಿತು, ಸುಳ್ಳು ಹೇಳುವುದಿಲ್ಲ. ಪಾರ್ಕಿನಲ್ಲಂತೂ ಅವಳದೇ ಮಾತು. ಒಂದು ದಿನ ಬಚ್ಚಲಲ್ಲಿ ಬಕೆಟ್ಟು ಎತ್ತುವಾಗ ಬೆನ್ನಿನಲ್ಲಿ ಚುಳುಕ್ ಎಂದಿತಂತೆ. ‘ಗ್ಯಾಸ್ ಇರ್ಬೇಕು’ ಎಂದೆವು. ಜೀರಿಗೆ ಕಷಾಯ ಕುಡಿಸಿ, ಮುಲಾಮು ತಿಕ್ಕಿ ಮಲಗಿಸಿದೆವು. ಎಂಥ ಬುದ್ಧಿವಂತರು ನಾವು!

ಆಮೇಲೆ ಅವಳ ನೈಟಿಗಳು ನೆಲ ಗುಡಿಸತೊಡಗಿದವು. ‘ಮೈ ಇಳ್ದಿದೆ ನೋಡು, ಎಲ್ಲಾ ಜೋತಾಡುತ್ತೆ’ ಎಂದು ಅಮ್ಮನಿಗೆ ಸಂಭ್ರಮ. ನಾವು ಹಲಸೂರಿನಲ್ಲಿ ಬಾಡಿಗೆಗಿದ್ದ ಕಾಲದಿಂದಲೂ ಅವಳಿಗೆ ಅಲ್ಲಿನ ಒಬ್ಬನೇ ಟೈಲರು. ಅವನು ಅಂಚು ಮಡಚಿ ಹೊಲಿದುಕೊಟ್ಟ. ಆರು ತಿಂಗಳಿಗೆ ನೈಟಿ ಮತ್ತೆ ಕಾಲಿಗೆ ತೊಡರಿತು. ಈ ಸಲ ನಾನೂ ಜೊತೆಗೆ ಹೋದೆ. ಅವನು ಭುಜದಿಂದ ಪಾದದವರೆಗೆ ಟೇಪು ಹಿಡಿದ, ಹಳೆಯ ಅಳತೆ ನೋಡಿದ, ಮತ್ತೊಮ್ಮೆ ಟೇಪು ಹಿಡಿದ.

‘ಏನಕ್ಕಾ ಇದು? ಸಣ್ಣ ಆದ್ರೆ ಸುತ್ತಳತೆ ತಾನೇ ಕಮ್ಮಿ ಆಗ್ಬೇಕು? ಅಮ್ಮಂದು ಉದ್ದಾನೇ ಕಮ್ಮಿ ಆಗೈತೆ. ನಾನ್ ಎಷ್ಟು ಸಲ ಅಂತ ಮಡ್ಚಿ ಹೊಲೀಲಿ? ಮೊದ್ಲು ಡಾಕ್ಟ್ರಿಗೆ ತೋರ್ಸಿ.’

ನನ್ನ ಕೆನ್ನೆಗೆ ಬಾರಿಸಿದ ಹಾಗಾಯಿತು. ಎಷ್ಟೋ ದಿನದಿಂದ ಮೇಲಿನ ಶೆಲ್ಫಿನ ಕಾಫಿಪುಡಿ ಡಬ್ಬಿ ಅಮ್ಮನ ಕೈಗೆ ಎಟುಕುತ್ತಿರಲಿಲ್ಲ, ನಾನೇ ತೆಗೆದುಕೊಡುತ್ತಿದ್ದೆ. ಕಣ್ಣಿದ್ದೂ ಕುರುಡಿ ನಾನು.

ಎಕ್ಸ್‌ರೇ ತೆಗೆಸಿದೆವು. ಬೆನ್ನುಮೂಳೆ ಎರಡು ಕಡೆ ಕುಸಿದಿತ್ತು. ಈ ಡಾಕ್ಟರು ಹೆಂಗಸು, ಕೂರಿಸಿ ಮಾತಾಡಿದರು. ‘ಈ ವಯಸ್ಸಲ್ಲಿ ಹೊಟ್ಟೆ ಕಟ್ಟಿ ತೂಕ ಇಳಿಸಿದ್ರೆ ಕೊಬ್ಬೊಂದೇ ಹೋಗಲ್ಲಮ್ಮ. ಮಾಂಸಖಂಡ ಹೋಗುತ್ತೆ, ಮೂಳೆನೂ ಸವೆಯುತ್ತೆ. ಹೋದ ಎತ್ತರ ಇನ್ನು ಬರಲ್ಲ. ಮಾತ್ರೆ ಬರೆದಿದ್ದೀನಿ, ಜೊತೆಗೆ ಹೊಟ್ಟೆ ತುಂಬಾ ಊಟ ಮಾಡ್ಲೇಬೇಕು. ಈಗೇನಾದ್ರೂ ಬಿದ್ದು ಸೊಂಟ ಮುರಿದ್ರೆ ಹಾಸಿಗೆ ಬಿಟ್ಟು ಏಳೋದು ಕಷ್ಟ.’

ಮನೆ ಸೇರುವವರೆಗೂ ಆಟೋದಲ್ಲಿ ನಾನು ಬೈದದ್ದೇ ಬೈದದ್ದು. ತಲೆಯೆತ್ತದ ಆ ಡಾಕ್ಟರನ್ನು ಬೈದೆ, ಪಾರ್ಕಿನ ಪಂಡಿತೆಯರನ್ನು ಒಬ್ಬೊಬ್ಬರನ್ನಾಗಿ ಬೈದೆ. ಮನೆಗೆ ಬಂದವಳೇ ಮುದ್ದೆ ತಿರುವಿ, ಸೊಪ್ಪಿನ ಸಾರು ಬಿಟ್ಟು, ಬಟ್ಟಲು ತುಂಬಾ ಗಟ್ಟಿ ಮೊಸರು ಹಾಕಿ ಅಮ್ಮನ ಮುಂದಿಟ್ಟೆ. ನಾಲ್ಕು ತುತ್ತು ನುಂಗಿದಳು. ಮೊಸರಿನ ಬಟ್ಟಲನ್ನು ಬೆರಳಿನಿಂದ ನನ್ನ ಕಡೆಗೆ ತಳ್ಳಿದಳು.

‘ತಿನ್ನಮ್ಮ, ಡಾಕ್ಟ್ರು ಏನಂದ್ರು ಕೇಳಿಸ್ಕೊಂಡ್ಯಲ್ಲ?’

‘ಬೇಡ ಕಣೇ. ಮತ್ತೆ ದಪ್ಪ ಆಗ್ಬಿಟ್ರೆ? ನನ್ ಪಕ್ಕ ನಿಂತ್ಕೊಳ್ಳೋಕೆ ನಾಚಿಕೆ ಆಗುತ್ತೆ ಅಂದಿದ್ದೆಯಲ್ಲ ನೀನು.’

ಹೌದು, ಅಂದಿದ್ದೆ. ಕಮ್ಮನಹಳ್ಳಿಯ ಛತ್ರವೊಂದರಲ್ಲಿ, ಮದುವೆಯ ಫೋಟೊಗೆ ನಿಲ್ಲುವಾಗ, ನಗುತ್ತಾ, ನಾಲ್ಕು ಜನರ ಎದುರಿಗೇ ಅಂದಿದ್ದೆ.