ಟೀಚರಮ್ಮನ ರಾತ್ರಿರಾಣಿಗೊಂದು ಜಾಗ

ಮೊನ್ನೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಕಿಟಕಿಯಿಂದ ರಾತ್ರಿರಾಣಿಯ ವಾಸನೆ ಒಳಗೆ ನುಗ್ಗಿತು. ನಮ್ಮ ಬೀದಿಯಲ್ಲಿ ಯಾರೋ ಹೊಸದಾಗಿ ಗಿಡ ಹಾಕಿಸಿದ್ದಾರೆ, ಯಾರ ಮನೆ ಎಂದು ಇನ್ನೂ ಗೊತ್ತಾಗಿಲ್ಲ. "ಕಿಟಕಿ ಹಾಕ್ತೀನಿ ಅತ್ತೆ, ಈ ವಾಸನೆಗೆ ತಲೆನೋವು ಬರುತ್ತೆ, ಹಾವೂ ಬರುತ್ತಂತೆ" ಎಂದಳು ಸೊಸೆ. ನಾನು ಬೇಡ ಎಂದೆ. ಸ್ವಲ್ಪ ಜೋರಾಗಿಯೇ ಅಂದಿರಬೇಕು, ಅವಳು ಕೈ ಹಿಂದಕ್ಕೆ ತೆಗೆದುಕೊಂಡು ನನ್ನ ಮುಖ ನೋಡಿದಳು. ಪಾಪ, ಅವಳದೇನೂ ತಪ್ಪಿಲ್ಲ. ಈ ವಾಸನೆಯನ್ನು ಒಂದು ಸಲ ಕಡಿದು ಹಾಕಿದ ಮನೆಯವಳು ನಾನು. ಇನ್ನೊಂದು ಸಲ ಅದಕ್ಕೆ ಬಾಗಿಲು ಹಾಕುವುದಿಲ್ಲ.

ಅರವತ್ತರ ದಶಕದ ಶುರು ಅದು. ಗೌರಿಬಿದನೂರಿನ ಕಡೆಯಿಂದ ಶಿಡ್ಲಘಟ್ಟಕ್ಕೆ ಸೊಸೆಯಾಗಿ ಬಂದು ನನಗೆ ಎರಡು ವರ್ಷವಾಗಿತ್ತು. ಬೀದಿಗೆ ಒಂದು ಅಂಗಳ, ಅಂಗಳಕ್ಕೆ ಸೇರಿದಂತೆ ಒಂದು ಬಾಡಿಗೆ ಕೋಣೆ, ಅದರ ಹಿಂದೆ ನಮ್ಮ ಮನೆ, ಮನೆಯ ಹಿಂದೆ ಬಾವಿ, ಬಾವಿಯ ಪಕ್ಕದಲ್ಲಿ ನಮ್ಮತ್ತೆ ರೇಷ್ಮೆ ಹುಳ ಸಾಕುತ್ತಿದ್ದ ಹುಳದ ಮನೆ. ಆ ಬಾಡಿಗೆ ಕೋಣೆಗೆ ಹೆಣ್ಣುಮಕ್ಕಳ ಶಾಲೆಯ ಟೀಚರಮ್ಮ ಬಂದರು. ಮೂವತ್ತು, ಮೂವತ್ತೆರಡು ವಯಸ್ಸಿರಬಹುದು. ಗಂಡ ತೀರಿಕೊಂಡು ಏಳೆಂಟು ವರ್ಷವಾಗಿತ್ತಂತೆ. ಹಣೆ ಬೋಳು, ಕೈ ಬೋಳು, ತಲೆಯಲ್ಲಿ ಹೂವಿಲ್ಲ. ಅವರ ಹೆಸರು ನನಗೆ ಗೊತ್ತು, ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯಲಿಲ್ಲ, ಈಗ ಕರೆದು ದೊಡ್ಡಸ್ತಿಕೆ ತೋರಿಸುವುದು ಬೇಡ.

ಹುಳ ಸಾಕುವ ಮನೆಯ ಕಟ್ಟುಪಾಡು ಸಾಕಿದವರಿಗೇ ಗೊತ್ತು. ಮುಟ್ಟಾದವರು ಒಳಗೆ ಹೋಗಬಾರದು, ಹೊರಗಿನವರು ಬಂದು ನೋಡಬಾರದು, ಬೀಡಿ ಹೊಗೆ ತಾಗಬಾರದು, ಮೆಣಸಿನಕಾಯಿ ಒಗ್ಗರಣೆಯ ಘಾಟು ಆ ಕಡೆ ಸುಳಿಯಬಾರದು. ನಮ್ಮತ್ತೆಯ ಲೆಕ್ಕದಲ್ಲಿ ಮಕ್ಕಳನ್ನು ಗದರಬಹುದು, ಗಂಡನನ್ನೂ ಗದರಬಹುದು, ಹುಳದ ಮುಂದೆ ಮಾತ್ರ ದನಿ ಏರಿಸುವಂತಿಲ್ಲ. ಇಂಥ ಮನೆಗೆ ಟೀಚರಮ್ಮ ಒಂದು ಭಾನುವಾರ ಚಿಕ್ಕಬಳ್ಳಾಪುರದ ತಮ್ಮ ಅಕ್ಕನ ಮನೆಯಿಂದ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಎರಡು ಗೇಣುದ್ದದ ಒಂದು ಕಡ್ಡಿ ತಂದರು. ರಾತ್ರಿರಾಣಿ ಎಂದರು.

"ಮುಡಿಯೋಕೆ ಬರಲ್ಲ, ದೇವ್ರಿಗೆ ಏರ್ಸೋಕೆ ಬರಲ್ಲ, ಏನಕ್ಕೆ ಟೀಚರಮ್ಮಾ ಈ ಗಿಡ?" ಎಂದರು ಅತ್ತೆ.

"ಬರೀ ವಾಸನೆಗಮ್ಮಾ."

"ಹಾವು ಬರುತ್ತೆ."

"ಹಾವಿಗೆ ಬೇಕಾದ್ದು ಹೂವಲ್ಲಮ್ಮಾ, ಇಲಿ. ಇಲಿ ಇರೋದು ನಿಮ್ಮ ರಾಗಿ ಮೂಟೆ ಹತ್ರ."

ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿದ್ದು ನೆನಪಿದೆ. ನಮ್ಮತ್ತೆಗೆ ಹೀಗೆ ಎದುರಾಡಿದವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಅತ್ತೆ ಕೊನೆಗೆ, ಹುಳದ ಮನೆಗೆ ವಾಸನೆ ತಾಗದ ಜಾಗ ಇದ್ದರೆ ಹಾಕಿಕೊಳ್ಳಿ ಎಂದರು. ಅಂಥ ಜಾಗ ಸಿಗುವುದಿಲ್ಲ ಎಂಬ ಧೈರ್ಯ ಅವರಿಗೆ.

ಟೀಚರಮ್ಮ ಅದನ್ನು ಶಾಲೆಯ ಲೆಕ್ಕದ ಹಾಗೆ ಬಿಡಿಸಲು ಕೂತರು. ಕಡ್ಡಿಯನ್ನು ಒಂದು ಒಡೆದ ಮಡಕೆಯಲ್ಲಿ ನೆಟ್ಟು ಬೇರು ಬಿಡಲು ಬಿಟ್ಟರು. ನನ್ನಿಂದ ಗೂಡಿನ ಮೇಲೆ ಅಂಟಿಕೊಂಡಿರುವ ಸಡಿಲ ರೇಷ್ಮೆ ಎಳೆಗಳನ್ನು ಒಂದು ಹಿಡಿ ಕೇಳಿ ಪಡೆದರು. ನಾಲ್ಕು ಕೋಲುಗಳ ತುದಿಗೆ ಆ ಎಳೆ ಕಟ್ಟಿ ನಾಲ್ಕು ಜಾಗದಲ್ಲಿ ನೆಟ್ಟರು. ಬಾವಿಯ ಹತ್ತಿರ ಒಂದು, ತುಳಸಿಕಟ್ಟೆಯ ಆಚೆ ಒಂದು, ಅವರ ಕಿಟಕಿಯ ಕೆಳಗೆ ಒಂದು, ಅಂಗಳದ ಬೀದಿ ಮೂಲೆಯಲ್ಲಿ ಒಂದು. ಶಾಲೆಯಿಂದ ಬಂದವರು ಕೈಕಾಲು ತೊಳೆದು ಜಗುಲಿಯಲ್ಲಿ ಕೂತು, ಕತ್ತಲಾಗುವವರೆಗೆ ಆ ಎಳೆಗಳು ಯಾವ ಕಡೆ ಹಾರುತ್ತವೆ ಎಂದು ನೋಡುತ್ತಿದ್ದರು. ಬೀದಿಯವರು ನಗುತ್ತಿದ್ದರು. ನಗಲಿ ಎಂದು ಇವರು ಎಂಟು ಸಂಜೆ ಕೂತರು. ನನಗೂ ಕಲಿಸಿದರು. ಬಾವಿಯ ಹತ್ತಿರ ಹಾಕಿದರೆ ಹುಳದ ಮನೆ ಮೂರು ಹೆಜ್ಜೆ, ಅದು ಬೇಡ. ತುಳಸಿಯ ಹತ್ತಿರ ನೆರಳು, ಜೊತೆಗೆ ಅತ್ತೆಯ ಕಣ್ಣು. ಕಿಟಕಿಯ ಕೆಳಗೆ ಅವರಿಗೇ ಬೇಡ.

"ಮೂಗಿಗೆ ಅಂಟ್ಕೊಂಡು ಇದ್ರೆ ತಲೆಗೇರುತ್ತೆ ಕಣಮ್ಮ. ಇದು ಹತ್ತು ಹೆಜ್ಜೆ ಆಚೆ ನಿಂತು ಮಾತಾಡ್ಸೋ ಗಿಡ" ಎಂದರು.

ಉಳಿದದ್ದು ಬೀದಿ ಮೂಲೆ. ಬೆಳಗಿನ ಬಿಸಿಲು ಬೀಳುತ್ತಿತ್ತು, ಬಚ್ಚಲ ನೀರು ಅತ್ತಲೇ ಹರಿಯುತ್ತಿತ್ತು, ಮಳೆಗಾಲದ ಗಾಳಿ ನಮ್ಮ ಮನೆಯ ಹಿಂದಿನಿಂದ ಬಂದು ಬೀದಿಗೆ ಹೋಗುತ್ತಿತ್ತು. ಚಳಿಗಾಲದಲ್ಲಿ ಗಾಳಿ ತಿರುಗುತ್ತದೆ, ಆಗ ಹೂವು ಅಷ್ಟಾಗಿ ಇರುವುದಿಲ್ಲ ಎಂದು ಅದನ್ನೂ ಯೋಚಿಸಿದ್ದರು. ಅತ್ತೆಗೆ ಇದು ಹಿಡಿಸಲಿಲ್ಲ. ಹಾಕುವುದಾದರೆ ಯಾರಿಗೂ ಕಾಣದ ಕಡೆ ಹಾಕಬೇಕಿತ್ತು, ಬೀದಿಗೆ ಕಾಣುವ ಹಾಗೆ ಏಕೆ ಎಂದು ಅಡುಗೆಮನೆಯಲ್ಲಿ ಗೊಣಗಿದರು. ಆದರೆ ಮಾತು ಕೊಟ್ಟಾಗಿತ್ತು.

ಗುಂಡಿ ತೋಡುವಾಗ ನಾನೇ ಕೇಳಿದೆ, ಮಲ್ಲಿಗೆಯೋ ಕನಕಾಂಬರವೋ ಹಾಕಬಹುದಿತ್ತಲ್ಲ ಎಂದು. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಮಣ್ಣು ಎಳೆಯುತ್ತಲೇ ಹೇಳಿದರು: "ಮಲ್ಲಿಗೆ ಹಾಕಿದ್ರೆ ಯಾರಿಗೆ ಅಂತ ಕೇಳ್ತಾರೆ. ಇದು ಯಾರೂ ಮುಡಿಯೋ ಹೂವಲ್ಲ, ಯಾರ ಅಪ್ಪಣೆನೂ ಬೇಡ. ಉಸಿರಾಡ್ಬೇಡ ಅಂತ ಯಾರಾದ್ರೂ ಹೇಳೋಕಾಗುತ್ತಾ?"

ಹೇಳಿದರು. ಅದನ್ನೂ ಹೇಳಿದರು. ನಮ್ಮ ಮನೆಯವರೇ ಹೇಳಿದರು.

ಮಾರನೇ ವರ್ಷದ ಮಳೆಗಾಲದಲ್ಲಿ ಗಿಡ ಆಳೆತ್ತರ ಬೆಳೆದು ಹೂವಿಗೆ ಬಂತು. ಸಂಜೆ ಟೀಚರಮ್ಮ ಜಗುಲಿಯಲ್ಲಿ ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಾ ಕೂತರೆ, ವಾಸನೆ ಮೆಲ್ಲಗೆ ಶುರುವಾದಾಗ ಪೆನ್ನು ಕೆಳಗಿಟ್ಟು ಕಣ್ಣು ಮುಚ್ಚುತ್ತಿದ್ದರು. ಅಷ್ಟೇ ಅವರ ಸುಖ. ಅದೇ ಹೊತ್ತಿಗೆ ನಮ್ಮ ಹುಳ ನಾಲ್ಕನೇ ಜ್ವರದಿಂದ ಎದ್ದಿದ್ದವು. ತಿನ್ನುವುದು ಬಿಟ್ಟು ಪೊರೆ ಕಳಚಲು ಕೂರುವುದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೆಯದು ಮುಗಿಯಿತೆಂದರೆ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅತ್ತೆ ಆ ದಿನ ದಿಬ್ಬೂರಹಳ್ಳಿಗೆ ಸಾವಿನ ಮನೆಗೆ ಹೋಗಬೇಕಾಯಿತು. ಹೊರಡುವಾಗ ಎರಡು ಸಲ ಹೇಳಿದರು, ಹಿಪ್ಪುನೇರಳೆ ಸೊಪ್ಪು ಮಳೆಗೆ ನೆನೆದಿದೆ, ಬಟ್ಟೆ ಮೇಲೆ ಹರಡಿ ಒಣಗಿಸಿ ಹಾಕು ಎಂದು. ನಾನು ಹರಡಿದೆ. ಒಣಗಲಿಲ್ಲ. ಹುಳ ತಲೆ ಎತ್ತಿ ಆಡಿಸುತ್ತಿದ್ದವು, ನನಗೆ ಸೊಂಟ ನೋಯುತ್ತಿತ್ತು, ಒಲೆಯ ಮೇಲೆ ಮುದ್ದೆಗೆ ಎಸರು ಇಟ್ಟಿದ್ದೆ. ಜಗುಲಿಗೆ ತಂದು ನಾಲ್ಕು ಸಲ ಕೊಡವಿ ಹಾಗೇ ಹಾಕಿಬಿಟ್ಟೆ.

ಮೂರನೇ ದಿನ ಹುಳ ಮೆತ್ತಗಾದವು. ಆಮೇಲೆ ಕಪ್ಪಾದವು. ಆ ನಾತ... ಅದನ್ನು ಬರೆಯುವುದು ಬೇಡ. ಹುಳ ಸಾಕುವ ಬಿದಿರಿನ ತಟ್ಟೆಗಳಿಂದ ತಟ್ಟೆಗಟ್ಟಲೆ ಹುಳವನ್ನು ಗುಂಡಿಗೆ ಸುರಿದರು. ಅತ್ತೆ ಅಳಲಿಲ್ಲ. ಸಂಜೆ ಬೀದಿಯ ಕಡೆ ಬಂದು, ಹೂವು ಬಿಟ್ಟು ನಿಂತಿದ್ದ ಗಿಡವನ್ನು ನೋಡಿ, ನನ್ನ ಗಂಡನ ಕೈಗೆ ಮಚ್ಚು ಕೊಟ್ಟರು. ಪಕ್ಕದ ಮನೆಯಾಕೆ ಕರೆದ ಹಾಗೆ ಬಂದು ನಿಂತಳು.

ಟೀಚರಮ್ಮ ಗಿಡದ ಮುಂದೆ ಬಂದರು. "ಗಿಡದಿಂದ್ಲೇ ಅಂತ ತೋರ್ಸಿ, ನಾನೇ ಕಡೀತೀನಿ. ಗಾಳಿ ನೋಡಿ, ಈಗ್ಲೂ ಬೀದಿ ಕಡೆಗೇ ಹೋಗ್ತಿದೆ" ಎಂದರು.

ಅತ್ತೆ ಚಿಂತಾಮಣಿ ಕಡೆಯವರು, ಸಿಟ್ಟು ಬಂದರೆ ತೆಲುಗು ನುಗ್ಗುತ್ತಿತ್ತು. "ಚಾಲಮ್ಮಾ, ಚಾಲು! ಸಾಕು! ಗಾಳಿ ಪಾಠ ನಿಮ್ಮ ಸ್ಕೂಲಲ್ಲಿ ಹೇಳ್ಕೊಡಿ."

"ಗಂಡ ಇಲ್ದೋರಿಗೆ ಯಾಕೆ ಬೇಕಿತ್ತು ಈ ಘಮಘಮ" ಎಂದಳು ಪಕ್ಕದ ಮನೆಯಾಕೆ.

ನಾನು ಬಾಗಿಲ ಹಿಂದೆ ಇದ್ದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಹೆದರಿದೆ ಎಂದು ಈಗ ಸುಲಭವಾಗಿ ಬರೆಯುತ್ತೇನೆ, ಆದರೆ ಹೆದರಿಕೆಯ ಜೊತೆಗೆ ಸದ್ಯ ನನ್ನ ತಲೆಗೆ ಬರಲಿಲ್ಲವಲ್ಲ ಎಂಬ ಸಮಾಧಾನವೂ ಇತ್ತು. ನಾಚಿಕೆಗೇಡು. ಮೂರು ಏಟಿಗೆ ಗಿಡ ಬಿತ್ತು. ಟೀಚರಮ್ಮ ಒಳಗೆ ಹೋದರು.

ಮಾರನೇ ದಿನ ಬೆಳಿಗ್ಗೆ ಅವರು ಶಾಲೆಗೆ ಹೊರಡುವ ಮುಂಚೆ ಹೋಗಿ, ಒದ್ದೆ ಸೊಪ್ಪು ಹಾಕಿದ್ದು ನಾನು ಎಂದೆ. ಅವರು ಜಡೆ ಹೆಣೆದುಕೊಳ್ಳುತ್ತಿದ್ದರು.

"ಗೊತ್ತು. ಜಗುಲೀಲಿ ನೀನು ಸೊಪ್ಪು ಕೊಡವ್ತಿದ್ದೆ, ನೋಡ್ದೆ."

"ಮತ್ತೆ ನಿನ್ನೆ ಯಾಕೆ ಹೇಳ್ಲಿಲ್ಲ ಟೀಚರಮ್ಮ?"

"ನಾನು ಹೇಳಿದ್ರೆ ಚಾಡಿ ಆಗುತ್ತೆ. ನೀನು ಹೇಳಿದ್ರೆ ನಿಜ ಆಗುತ್ತೆ." ಅಷ್ಟು ಹೇಳಿ ಚೀಲ ಹೆಗಲಿಗೆ ಹಾಕಿಕೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ನಾನು ನೆಟ್ಟಗೆ ಬಾವಿಯ ಹತ್ತಿರ ಹೋದೆ. ಅತ್ತೆ ತಟ್ಟೆಗಳನ್ನು ಬೂದಿ ಹಾಕಿ ಉಜ್ಜುತ್ತಿದ್ದರು, ನನ್ನ ಗಂಡ ನೀರು ಸೇದಿ ಕೊಡುತ್ತಿದ್ದರು. ಇಬ್ಬರ ಮುಂದೆಯೂ ಹೇಳಿದೆ. ಅತ್ತೆ ತಟ್ಟೆ ಉಜ್ಜುತ್ತಲೇ ಹೇಳಿದರು:

"ನಲವತ್ತು ವರ್ಷದಿಂದ ಹುಳ ಸಾಕ್ತಿದ್ದೀನಿ. ಒದ್ದೆ ಸೊಪ್ಪು ತಿಂದ ಹುಳ ಹೆಂಗೆ ಸಾಯುತ್ತೆ ಅಂತ ನನಗೆ ಗೊತ್ತಾಗಲ್ವಾ? ಮನೆ ಸೊಸೆ ಮೇಲೆ ಮಾತು ಬರೋದಕ್ಕಿಂತ ಗಿಡದ ಮೇಲೆ ಬರ್ಲಿ ಅಂತ ಬಿಟ್ಟೆ. ಬಾಯ್ಮುಚ್ಕೊಂಡಿರು."

ನನ್ನನ್ನು ಉಳಿಸಲು ಮಾಡಿದ್ದು ಅದು. ಇವತ್ತಿಗೂ ಅವರನ್ನು ಪೂರ್ತಿ ದ್ವೇಷಿಸಲು ನನಗೆ ಆಗದಿರುವುದು ಅದಕ್ಕೇ. ಆದರೆ ಆ ಹೊತ್ತಿನಲ್ಲಿ ಮೈಯೆಲ್ಲಾ ಉರಿಯಿತು. ಗೊತ್ತಿದ್ದೂ ಕಡಿಸಿದರು! ನನ್ನ ಬಾಯಿಂದ ಬಂದ ಮಾತು ಕೇಳಿ ನನಗೇ ಆಶ್ಚರ್ಯವಾಯಿತು.

"ಬುಡ ಇನ್ನೂ ಇದೆ ಅತ್ತೆ. ಚಿಗುರುತ್ತೆ. ಇನ್ನೊಂದ್ಸಲ ಅದಕ್ಕೆ ಮಚ್ಚು ಹಾಕಿದ್ರೆ ಒದ್ದೆ ಸೊಪ್ಪು ಹಾಕಿದ್ದು ನಾನು ಅಂತ ಬೀದೀಲಿ ನಿಂತು ಕೂಗಿ ಹೇಳ್ತೀನಿ. ಪಕ್ಕದ ಮನೆಯೋಳಿಗೆ ಮೊದಲು ಹೇಳ್ತೀನಿ."

ಒಂದು ತಿಂಗಳು ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಗಿಡವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ನನ್ನ ಗಂಡ ಒಳ್ಳೆಯವರು, ಮಚ್ಚು ಹಿಡಿ ಎಂದರೆ ಹಿಡಿಯುತ್ತಿದ್ದರು, ಬೇಡ ಎಂದರೆ ಬಿಡುತ್ತಿದ್ದರು. ಬುಡದಿಂದ ಏಳೆಂಟು ಚಿಗುರು ಬಂದವು, ಮೊದಲಿಗಿಂತ ದಟ್ಟವಾಗಿ. ಆದರೆ ಹೂವು ಬರುವ ಮುಂಚೆ ಟೀಚರಮ್ಮನಿಗೆ ಚಿಂತಾಮಣಿಗೆ ವರ್ಗವಾಯಿತು. ತಾವೇ ಕೇಳಿಕೊಂಡರೋ ಏನೋ... ಹೋಗುವ ದಿನ ನನ್ನ ಕೆನ್ನೆ ಮುಟ್ಟಿದರು. ಹೂವು ಬಿಟ್ಟಾಗ ಕಾಗದ ಬರೀತೀನಿ ಎಂದೆ. ಮಳೆಗಾಲಕ್ಕೆ ಗಿಡ ಮೈತುಂಬ ಹೂವು ಬಿಟ್ಟಿತು, ಆ ಸಲ ಹುಳ ಒಂದೂ ಕೆಡಲಿಲ್ಲ, ಗೂಡು ಗಟ್ಟಿಯಾಗಿ ಬಂತು. ಗಿಡದ ಬಗ್ಗೆ ಯಾರೂ ಉಸಿರೆತ್ತಲಿಲ್ಲ. ನಾನು ಕಾಗದ ಬರೆಯಲಿಲ್ಲ. ಮಗು, ಮನೆ, ಹುಳ ಎಂದು ನೆಪಗಳಿದ್ದವು. ಚಿಂತಾಮಣಿ ಏನು ಕಾಶಿಯೇ? ಬಸ್ಸು ಹತ್ತಿದರೆ ಸಂಜೆಗೆ ವಾಪಸ್ಸು ಬರಬಹುದಿತ್ತು. ಅವರು ತೀರಿಕೊಂಡ ಸುದ್ದಿಯೂ ನನಗೆ ಮೂರು ವರ್ಷ ತಡವಾಗಿ ಬಂತು, ಮದುವೆ ಮನೆಯೊಂದರಲ್ಲಿ, ಪಾಯಸ ಬಡಿಸುತ್ತಿದ್ದವರ ಬಾಯಲ್ಲಿ.

ಹನ್ನೆರಡು ವರ್ಷದ ಹಿಂದೆ ನನ್ನ ಗಂಡ ಹೋದರು. ಹನ್ನೊಂದನೇ ದಿನ ನೆಂಟರ ಹೆಂಗಸರು ನನ್ನನ್ನು ಮಣೆಯ ಮೇಲೆ ಕೂರಿಸಿ ತಲೆಗೆ ಕೈ ಹಾಕಿದರು, ಹೂವು ತೆಗೆಯಲು. ನಾನು ಎರಡೂ ಕೈಯಲ್ಲಿ ತುರುಬು ಹಿಡಿದುಕೊಂಡೆ. "ಕೈ ತೆಗೀರಿ" ಎಂದೆ. ಯಾರೋ ಅತ್ತರು, ಯಾರೋ ಬೈದರು, ಒಬ್ಬಾಕೆ ಊಟ ಮಾಡದೆ ಎದ್ದು ಹೋದಳು. ಹೋಗಲಿ. ಗಂಡನಿಗಾಗಿ ಅತ್ತಿದ್ದೇನೆ, ಈಗಲೂ ಅಳುತ್ತೇನೆ, ಹೂವು ಮುಡಿದುಕೊಂಡೇ ಅಳುತ್ತೇನೆ.

ಇವತ್ತೂ ಒಂದು ಮೊಳ ಮಲ್ಲಿಗೆ ಮುಡಿದಿದ್ದೇನೆ. ಟೀಚರಮ್ಮ ನಮ್ಮನ್ನು ಕೇಳಿದ್ದು ಬರೀ ವಾಸನೆ, ಅದನ್ನೂ ನಾವು ಕೊಡಲಿಲ್ಲ. ಒಂದು ಸಲ ಅವರ ಮುಂದೆ ಹೋಗಿ ನಿಂತು, ನೋಡಿ ಟೀಚರಮ್ಮ, ನಾನು ಹೂವನ್ನೇ ಬಿಟ್ಟುಕೊಡಲಿಲ್ಲ ಎಂದು ತಲೆ ತಿರುಗಿಸಿ ತೋರಿಸಬೇಕಿತ್ತು. ತೋರಿಸಲು ಅವರಿಲ್ಲ.